ಹಿಂದಿರುಗಿ ನೋಡುವ ಖಲ್ಫಾನ್

ನನ್ನ ಭಾವಮೈದುನ ಖಲ್ಫಾನ್ ಮರಳಿನ ಮೇಲೆ ನಡೆಯುವುದನ್ನು ಮೊದಲ ಸಲ ಕಂಡವರು, ಇವನನ್ನು ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದೇ ತಿಳಿಯುತ್ತಾರೆ. ನಾಲ್ಕು ಹೆಜ್ಜೆ ಮುಂದೆ, ಒಂದು ನೋಟ ಹಿಂದೆ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಕತ್ತು ತಿರುಗಿಸಿ ಒಂದು ನೋಟ. ಮಾತಿನ ಮಧ್ಯದಲ್ಲೂ ಇದು ತಪ್ಪದು. ಸಲಾಮು ಹೇಳುತ್ತ ಬಂದವನು 'ಲಾಮ್' ಎಂಬಲ್ಲಿಗೆ ಬೆನ್ನ ಹಿಂದಿನ ದಿಬ್ಬವನ್ನು ಒಮ್ಮೆ ನೋಡಿಯೇ ಮಾತು ಮುಗಿಸುತ್ತಾನೆ. ಕೇಳಿದರೆ ಅವನದೊಂದು ಉತ್ತರವಿದೆ: "ಹೋಗೋ ದಾರಿ ಎದುರಿಗೇ ಇರತ್ತೆ ಭಾವ. ಬರೋ ದಾರಿ ಹೆಂಗಿರತ್ತೆ ಅಂತ ಹೋಗೋವಾಗ್ಲೇ ನೋಡ್ಕೋಬೇಕು."

ಅವನ ಕೋಟಿನ ವಿಷಯ ಹೇಳದೆ ಅವನ ವಿಷಯ ಹೇಳಿದಂತಾಗದು. ಬಿಳಿಯ ನಿಲುವಂಗಿಯ ಮೇಲೆ ಚಳಿ, ಬೇಸಿಗೆ ಎನ್ನದೆ ತೊಡುವ ಆ ಕಂದು ಉಣ್ಣೆಯ ಕೋಟಿಗೆ ಹೊರಗೆ ಕಾಣುವ ಜೇಬುಗಳಿಗಿಂತ ಒಳಗೆ ಹೊಲಿಸಿಕೊಂಡ ಜೇಬುಗಳೇ ಹೆಚ್ಚು, ಮತ್ತು ಒಂದೊಂದು ಜೇಬಿಗೂ ಒಂದೊಂದು ಭಯ. ಸೀಟಿ ಇರುವ ಜೇಬು ದಾರಿ ತಪ್ಪುವ ಭಯಕ್ಕೆ, ಕನ್ನಡಿ ಚೂರಿನ ಜೇಬು ಯಾರಿಗೂ ಕಾಣಿಸದೆ ಹೋಗುವ ಭಯಕ್ಕೆ, ಬೆಂಕಿಪೊಟ್ಟಣದ್ದು ಚಳಿಗೆ, ಎದೆಯ ಹತ್ತಿರದ ಜೇಬಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಖರ್ಜೂರ ಹಸಿವಿಗೆ. ಅವನ ಅಕ್ಕ, ಎಂದರೆ ನನ್ನ ಹೆಂಡತಿ ಝುವೈನಾ, ಅವನನ್ನು "ನಮ್ಮ ನಡೆಯೋ ಅಂಗಡಿ" ಎಂದು ಕರೆಯುತ್ತಿದ್ದಳು. ಅವನು ನಗುತ್ತಿರಲಿಲ್ಲ, ಕೋಪಿಸಿಕೊಳ್ಳುತ್ತಲೂ ಇರಲಿಲ್ಲ.

ಮರಳುಗಾಡಿನಲ್ಲಿ ಹುಟ್ಟಿ ಮರಳುಗಾಡಿಗೇ ಹೆದರುವ ಬದೂ ಅಲೆಮಾರಿಯೊಬ್ಬ ಇದ್ದಾನೆಂದರೆ ಅದು ನಮ್ಮ ಊರು ಬಿದಿಯಾದ ಸಂತೆಯಲ್ಲಿ ಕಾಫಿ ಕುಡಿಯುವವರಿಗೆಲ್ಲ ತೀರದ ವಿನೋದ. ಯಾವ ಮಾತಿಗೂ ಅವನ ಮರುಮಾತು ಒಂದೇ: "ಆಗ್ದೇ ಇದ್ರೆ?" ನಾಳೆ ಗಾಳಿ ನಿಲ್ಲುತ್ತದೆ ಎನ್ನಿ, "ನಿಲ್ದೇ ಇದ್ರೆ?" ಗಾಡಿಯಲ್ಲಿ ಎಣ್ಣೆ ಸಾಕಾಗುತ್ತದೆ ಎನ್ನಿ, "ಸಾಕಾಗ್ದೇ ಇದ್ರೆ?" ಅವನ ಮದುವೆಯ ದಿನ ಖಾಜಿ "ಒಪ್ಪಿಗೆಯೇ?" ಎಂದು ಹುಡುಗಿಯನ್ನು ಕೇಳಿಸುವ ಮೊದಲೇ ಇವನು "ಒಪ್ದೇ ಇದ್ರೆ?" ಎಂದನೆಂದು ಜನ ಕಥೆ ಕಟ್ಟಿದ್ದಾರೆ. ಕಥೆಯೇ ಇರಬೇಕು, ಆದರೆ ನಾನು ಅದನ್ನು ಸುಳ್ಳೆಂದು ಪ್ರಮಾಣ ಮಾಡಲಾರೆ.

ಈ ಭಯಕ್ಕೊಂದು ಬೇರು ಇತ್ತು. ಅವನಿನ್ನೂ ಬಾಲಕನಾಗಿದ್ದಾಗ, ಚಳಿಗಾಲದ ಒಂದು ಮುಂಜಾನೆ, ಕಡಲಿನ ಕಡೆಯಿಂದ ಮಂಜು ಬಂದು ದಿಬ್ಬಗಳನ್ನೆಲ್ಲ ನುಂಗಿದ್ದ ಹೊತ್ತಿನಲ್ಲಿ, ಅವರ ತಂದೆ ತಪ್ಪಿಸಿಕೊಂಡ ಒಂಟೆಯೊಂದನ್ನು ಹುಡುಕಿಕೊಂಡು ಪೂರ್ವದ ಉದ್ದ ದಿಬ್ಬವನ್ನು ಹತ್ತಿ ಆಚೆಗೆ ಇಳಿದರು. ಒಂಟೆ ತಾನಾಗಿಯೇ ಮನೆಗೆ ಬಂತು. ತಂದೆಯನ್ನು ನಾಲ್ವರು ಹೊತ್ತು ತಂದರು. ಅಂದಿನಿಂದ ಖಲ್ಫಾನ್ ಆ ದಿಬ್ಬದಾಚೆಗೆ ಕಾಲಿಟ್ಟಿರಲಿಲ್ಲ. ಅದರ ಹೆಸರನ್ನೂ ಹೇಳುತ್ತಿರಲಿಲ್ಲ. 'ಆ ಕಡೆ' ಎನ್ನುತ್ತಿದ್ದ.

ಇಂಥವನ ಪಾಲಿಗೆ ಬಂದ ಕಸುಬಾದರೂ ಯಾವುದು? ದೂರದೇಶದ ಶ್ರೀಮಂತರು ಮರಳಿನ ನಡುವೆ ಭಯವಿಲ್ಲದೆ ಮಲಗಲು ಡೇರೆಗಳ ವೈಭವವನ್ನು ಯೋಜಿಸಿ ಕಟ್ಟಿಕೊಡುವ ಕಸುಬು. ಮಸ್ಕತ್ತಿನ ಪ್ರವಾಸ ಕಂಪನಿಯೊಂದರಿಂದ ಅಬೀರ್ ಎಂಬ ಚುರುಕು ಹೆಣ್ಣುಮಗಳು ಬಂದು, ಅಲ್ಲಿ ಮಾತ್ರ ಬೇಡವೆಂದು ಇವನು ಅಂಗಲಾಚುತ್ತಿದ್ದರೂ, ಸರಿಯಾಗಿ ಆ ಪೂರ್ವದ ದಿಬ್ಬದ ಬುಡವನ್ನೇ ಜಾಗವೆಂದು ಆರಿಸಿದಳು. ಅಲ್ಲಿನ ಮರಳು ಬೆಳಿಗ್ಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆಂಬುದು ನಿಜವೇ. ಮುಂದಿನ ವಾರ ಅತಿಥಿಗಳು ಬರುವವರಿದ್ದರು. ಮೂವರೂ ಚಾಪೆಯ ಮೇಲೆ ಕುಳಿತು ಮಾತಾಡಿದ್ದು ನನಗೆ ನೆನಪಿದೆ.

"ಡೇರೆ ಡೇರೆಗೂ ಒಂದೊಂದು ದಿಬ್ಬ ಬಿಟ್ಟು ಹಾಕೋಣ ಖಲ್ಫಾನ್ ಮಾಮ. ಒಬ್ರಿಗೊಬ್ರು ಕಾಣ್ಬಾರ್ದು. ಅವರು ದುಡ್ಡು ಕೊಡೋದೇ ಒಂಟಿಯಾಗಿರೋಕೆ," ಎಂದಳು ಅಬೀರ್.

"ಕುರಿಗಳ ಥರ ಒಟ್ಟಿಗೆ ಇರ್ಲಿ."

"ಕುರಿಗಳಾ! ಅವರು ಕೇಳಿಸ್ಕೊಂಡ್ರೆ ಹಾರಿಹೋಗ್ತಾರೆ."

"ಹಾರಲಿ ತಾಯಿ, ಹಾರಿದೋರು ಮೇಲಿಂದ ಕಾಣ್ತಾರೆ. ನಡೆದೋರೇ ಕಾಣೆಯಾಗೋದು."

ಕೊನೆಗೆ ಇಬ್ಬರೂ ಅರ್ಧ ಅರ್ಧ ಸೋತರು. ಆದರೆ ಖಲ್ಫಾನ್ ತನ್ನ ಸೋಲಿನ ಅರ್ಧವನ್ನು ಎಷ್ಟು ಜಾಣತನದಿಂದ ಮರಳಿ ಪಡೆದನೆಂದರೆ, ನೋಡುತ್ತ ಕುಳಿತಿದ್ದ ನಾನು ಬೆರಗಾದೆ. ಡೇರೆಯಿಂದ ಡೇರೆಗೆ ಬಣ್ಣದ ಹಗ್ಗ ಕಟ್ಟಿ ಒಂಟೆಯ ಕೊರಳಿನ ಹಿತ್ತಾಳೆ ಗಂಟೆಗಳನ್ನು ತೂಗುಹಾಕಿದ. ಯಾರು ಹಗ್ಗ ದಾಟಿದರೂ ಸದ್ದಾಗಲೆಂದು. ಅಬೀರ್ ಅದನ್ನು ಶೃಂಗಾರವೆಂದಳು. ಎಲ್ಲ ಡೇರೆಗಳ ಬಾಗಿಲನ್ನೂ ಪಶ್ಚಿಮಕ್ಕಿಟ್ಟು ಬೆನ್ನನ್ನು 'ಆ ಕಡೆ'ಗೆ ಮಾಡಿದ. ಅಬೀರ್ ಅದನ್ನು ಸೂರ್ಯಾಸ್ತದ ನೋಟವೆಂದಳು. ಬಂದವರ ಪಾದಗಳನ್ನು ಪನ್ನೀರಿನಲ್ಲಿ ತೊಳೆದು, ನಯವಾಗಿ ಸವರಿದ ಮರಳಿನ ಅಂಗಳದ ಮೇಲೆ ಬರಿಗಾಲಲ್ಲಿ ನಡೆಸಿ ಒಳಗೆ ಕರೆದೊಯ್ಯುವ ಉಪಚಾರವನ್ನೂ ಇಟ್ಟ. ಅದರ ಗುಟ್ಟು ನನಗೆ ಮಾತ್ರ ಗೊತ್ತಿತ್ತು: ಅವರು ಒಳಗೆ ಹೋದ ಮೇಲೆ ಇವನು ಕುಕ್ಕರಗಾಲಲ್ಲಿ ಕುಳಿತು ಒಂದೊಂದು ಹೆಜ್ಜೆಯ ಗುರುತನ್ನೂ ಕಣ್ಣಿನಲ್ಲಿ ತುಂಬಿಕೊಳ್ಳುತ್ತಾನೆ, ನಾಳೆ ಯಾರಾದರೂ ಕಾಣೆಯಾದರೆ ಹಿಂಬಾಲಿಸಲು. ಆ ಶಿಬಿರದ ಐಶ್ವರ್ಯವೆಲ್ಲ ಹೀಗೆ ಒಬ್ಬನ ಭಯಕ್ಕೆ ರೇಷ್ಮೆ ಉಡಿಸಿ ಮಾಡಿದ್ದು.

ಅಬೀರಳ ಒಂದು ಬೇಡಿಕೆ ಮಾತ್ರ ಉಳಿದಿತ್ತು. ಮುಂಜಾನೆ ಅತಿಥಿ ಪರದೆ ಸರಿಸಿದಾಗ ಮರಳಿನ ಮೇಲೆ ಒಂದು ಹೆಜ್ಜೆಯೂ ಕಾಣಬಾರದು. ಖಲ್ಫಾನ್ ತುಸು ಹೊತ್ತು ಗಡ್ಡ ತುರಿಸಿಕೊಂಡು, ಸಂಜೆ ಖರ್ಜೂರದ ಗರಿಯಿಂದ ಸುತ್ತಲೂ ಗುಡಿಸುವುದಕ್ಕೆ ಒಪ್ಪಿದ. "ಒಳ್ಳೇದೇ ಆಯ್ತು ಬಿಡಿ. ಆಮೇಲೆ ಬಿದ್ದ ಹೆಜ್ಜೆ ಯಾವ್ದು ಅಂತ ಸ್ಪಷ್ಟ ಕಾಣತ್ತೆ."

ಅತಿಥಿಗಳಿಗೆ ಮೊದಲು ನಾವೇ ಒಂದು ರಾತ್ರಿ ಇದ್ದು ನೋಡಬೇಕೆಂದು ಅವನು ಹಟ ಹಿಡಿದ. ಅಡುಗೆಯವರು, ಆಳುಗಳು ಇನ್ನೂ ಬಂದಿರಲಿಲ್ಲ, ನಾವು ನಾಲ್ವರೇ. ಝುವೈನಾ ಅತಿಥಿಯ ಪಾತ್ರ ವಹಿಸಿದಳು. ಮೂಗಿನ ಮೇಲೆ ಕೊಕ್ಕಿನಂತೆ ಚಾಚಿದ ಮುಖವಾಡ. ಹೆಂಗಸರು ನಮ್ಮಲ್ಲಿ ತೊಡುವ ಅದನ್ನು ಅವಳು ನನ್ನೆದುರಿಗೆ ಬಿಟ್ಟು ಬೇರೆಲ್ಲೂ ತೆಗೆದವಳಲ್ಲ. ಅದರ ಹಿಂದಿನಿಂದ ಕಣ್ಣಲ್ಲೇ ನಗುತ್ತ ತಮ್ಮನನ್ನು ಗೋಳು ಹೊಯ್ದುಕೊಂಡಳು: "ಏನಯ್ಯಾ, ಈ ದಿಂಬು ಗಟ್ಟಿ. ಈ ಕಾಫಿ ತಣ್ಣಗಿದೆ. ಈ ಚಂದ್ರ ಸ್ವಲ್ಪ ಎಡಕ್ಕಿರಬೇಕಿತ್ತು." ಡೇರೆಯೊಳಗೇ ಕಟ್ಟಿದ್ದ, ಬಿಸಿನೀರು ಬರುವ ಶೌಚದ ಮನೆಯನ್ನು ಕಂಡಾಗ ಮಾತ್ರ ನಿಜವಾಗಿ ಅಸಹ್ಯಪಟ್ಟಳು. "ಥೂ! ಮಲಗೋ ಮನೆಯೊಳಗೆ ಕಕ್ಕಸು! ಇದಕ್ಕೆ ಜನ ದುಡ್ಡು ಕೊಡ್ತಾರಾ?" ಅವಳಿಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಹೊತ್ತಿಗೆ ತಿನ್ನದಿದ್ದರೆ ಮೈ ನಡುಗಿ ಮಾತು ತೊದಲುತ್ತದೆ. ಅದಕ್ಕಾಗಿ ತಮ್ಮನು ಅವಳ ದಿಂಬಿನ ಬಳಿ ಖರ್ಜೂರ ಇಟ್ಟೇ ಹೋದ.

ನನಗೆ ಎಚ್ಚರವಾದಾಗ ಬೆಳಕಾಗಿತ್ತು, ಆದರೆ ಏನೂ ಕಾಣುತ್ತಿರಲಿಲ್ಲ. ಪರದೆ ಸರಿಸಿದರೆ ಹಾಲಿನಂಥ ಮಂಜು. ಪಕ್ಕದ ಹಾಸಿಗೆ ತಣ್ಣಗಿತ್ತು. ಖರ್ಜೂರ ಇಟ್ಟಲ್ಲೇ ಇತ್ತು, ಅವಳ ಚಪ್ಪಲಿಗಳು ಮಂಚದ ಕೆಳಗೇ ಇದ್ದವು. ಕೂಗಿದೆ. ನನ್ನ ದನಿ ಹತ್ತಿಯಲ್ಲಿ ಸುತ್ತಿಟ್ಟಂತೆ ನನ್ನ ಬಳಿಯೇ ಉಳಿಯಿತು.

ನಮಾಜು ಮುಗಿಸಿ ಕಾಫಿಯ ಒಲೆಯ ಮುಂದೆ ಕುಳಿತಿದ್ದ ಖಲ್ಫಾನ್ ಬರಿಗಾಲಲ್ಲೇ ಓಡಿಬಂದ. ನೆಲಕ್ಕೆ ಬಗ್ಗಿ ಡೇರೆಗಳ ಸುತ್ತ ಸುತ್ತಿದ. ಸಂಜೆ ಗುಡಿಸಿದ ಮರಳು ಮಂಜಿಗೆ ನೆನೆದು ಗುರುತುಗಳನ್ನು ಅಚ್ಚಿನಂತೆ ಹಿಡಿದಿತ್ತು. "ಅಕ್ಕ ಹೊರಗೆ ಹೋಗಿಲ್ಲ," ಎಂದ. "ಅವಳ ಹೆಜ್ಜೆ ಒಂದೂ ಇಲ್ಲ. ಇರೋದೆಲ್ಲ ನಂದೇ. ಬೆಳಗಿನ ಜಾವ ನಾನೇ ಸುತ್ತಾಡ್ತಿದ್ದೆ, ನನ್ನ ಟೈರಿನ ಚಪ್ಪಲಿ ಗುರುತು. ಗಂಟೆನೂ ಅಲ್ಲಾಡಿಲ್ಲ. ಒಳಗೇ ಎಲ್ಲೋ ಬಿದ್ದಿದ್ದಾಳೆ."

ಒಳಗೆ ಹುಡುಕಿದೆವು. ಎಲ್ಲ ಡೇರೆ, ಅಡುಗೆಯ ಚಪ್ಪರ, ಗಾಡಿಗಳ ಕೆಳಗೆ, ಕಂಬಳಿಯ ರಾಶಿಯ ಹಿಂದೆ. ಅಬೀರ್ ಅಳುತ್ತ ನೀರಿನ ತೊಟ್ಟಿಯೊಳಗೂ ಇಣುಕಿದಳು. ಹೊತ್ತು ಹೋಗುತ್ತಿತ್ತು, ಮಂಜು ಹೋಗುತ್ತಿರಲಿಲ್ಲ. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅವಳೇನಾದರೂ ಮೆಲ್ಲಗೆ ಕರೆದರೆ ಕೇಳಿಸದೆ ಹೋದೀತೆಂದು ಎದೆಯನ್ನು ಕೈಯಿಂದ ಒತ್ತಿ ಹಿಡಿದೆ. ಆಗ ಶಿಬಿರದ ಬೆನ್ನ ಕಡೆಯಿಂದ ಖಲ್ಫಾನ್ ಕೂಗಿದ.

"ಭಾವ, ನನ್ನ ಚಪ್ಪಲಿ ಎಲ್ಲಿ?"

ನನಗೆ ರಕ್ತ ತಲೆಗೇರಿತು. "ನನ್ನ ಹೆಂಡತಿ ಕಾಣ್ತಿಲ್ಲ, ನಿನಗೆ ಚಪ್ಪಲಿ ಚಿಂತೆಯೇನೋ ಹೇಡಿ!"

 ಹತ್ತಿರ ಹೋಗಿ ನೋಡಿದೆ. ಅವನು ತನ್ನ ಬರಿಯ ಪಾದಗಳನ್ನು ಒಮ್ಮೆ, ಮರಳಿನ ಮೇಲಿನ ಟೈರಿನ ಗುರುತನ್ನು ಒಮ್ಮೆ ನೋಡುತ್ತ ನಿಂತಿದ್ದ. ಹಗ್ಗದ ಬಳಿ ಯಾರೋ ಬಗ್ಗಿ, ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದು ಸದ್ದಾಗದಂತೆ ನುಸುಳಿದ ಗುರುತಿತ್ತು. ಅಲ್ಲಿಂದ ಆ ಹೆಜ್ಜೆಗಳು ಪೂರ್ವದ ದಿಬ್ಬವನ್ನು ನೇರವಾಗಿ ಹತ್ತಿದ್ದವು. ಅವನ ಹೆಜ್ಜೆಗಳು, ಅವನು ಕಾಲಿಡದ ಕಡೆಗೆ. ನಮಾಜಿಗೆಂದು ತಮ್ಮ ನಮ್ಮ ಡೇರೆಯ ಬಾಗಿಲಲ್ಲಿ ಕಳಚಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿಕೊಂಡು, ಬಯಲಿಗೆ ಹೋಗುವುದನ್ನು ನಾಲ್ಕು ಜನಕ್ಕೆ ಗಂಟೆ ಹೊಡೆದು ಸಾರುವ ನಾಚಿಕೆಗೆ ಅಂಜಿ ಬಗ್ಗಿ ನುಸುಳಿ, ಆ ವೈಭವದ ಶೌಚದ ಮನೆಯನ್ನು ಒಲ್ಲದೆ ಮರೆ ಹುಡುಕಿಕೊಂಡು ಹೋಗಿದ್ದಳು ನನ್ನ ಝುವೈನಾ. ಊರಿನ ಪ್ರತಿಯೊಬ್ಬರ ಹೆಜ್ಜೆಯನ್ನೂ ಓದಬಲ್ಲವನು ತನ್ನದನ್ನು ಮಾತ್ರ ಓದದೆ ದಾಟಿ ಹೋಗಿದ್ದ.

"ಅಬೀರ್, ಹಗ್ಗ ಹಿಡಿದು ಎಳೀತಾ ಇರು. ನಾವು ಬರೋ ತನಕ ಗಂಟೆ ನಿಲ್ಲಬಾರದು," ಎಂದವನೇ ದಿಬ್ಬ ಹತ್ತತೊಡಗಿದ. ನಾನು ಹಿಂದೆ. ಆ ಏರಿನಲ್ಲಿ ಒಂದು ಸಂಗತಿಯನ್ನು ಗಮನಿಸಿದೆ: ಖಲ್ಫಾನ್ ಹಿಂದಿರುಗಿ ನೋಡಲಿಲ್ಲ. ನಾಲ್ಕು ಹೆಜ್ಜೆಯಾಯಿತು, ನಲವತ್ತಾಯಿತು, ನೆತ್ತಿ ಬಂತು, ಕತ್ತು ತಿರುಗಲಿಲ್ಲ. ಅವನ ಬದಲಿಗೆ ನಾನು ತಿರುಗಿ ನೋಡಿದೆ. ಡೇರೆಗಳಿರಲಿಲ್ಲ, ದೀಪಗಳಿರಲಿಲ್ಲ. ಆಚೆಗೆ ಇಳಿಯುತ್ತಿದ್ದಂತೆ ಗಂಟೆಯ ಸದ್ದೂ ತೆಳುವಾಗಿ, ಇದೆಯೋ ಇಲ್ಲವೋ ಎನ್ನುವಂತಾಗಿ, ಇಲ್ಲವಾಯಿತು.

ಕೆಳಗೆ ಹೆಜ್ಜೆಗಳು ಅಡ್ಡಾದಿಡ್ಡಿ ಹೋಗಿದ್ದವು, ತಮ್ಮನ್ನು ತಾವೇ ದಾಟಿದ್ದವು. ಒಂದು ಕಡೆ ಒಂಟಿ ಚಪ್ಪಲಿ ಬಿದ್ದಿತ್ತು. ಇನ್ನಷ್ಟು ದೂರ ಹೋದ ಮೇಲೆ ಅವಳ ಮುಖವಾಡ. ಅದನ್ನು ಕೈಗೆತ್ತಿಕೊಂಡು ಮರಳು ಒರೆಸಿದೆ. "ಸಿಗ್ತಾಳೆ ಬಿಡು," ಎಂದೆ, ಅವನಿಗಲ್ಲ, ನನಗೇ. "ಸಿಗ್ದೇ ಇದ್ರೆ?" ಎಂದು ಅವನು ಕೇಳುತ್ತಾನೆಂದು ಕಾದೆ. ಬದುಕಿನುದ್ದಕ್ಕೂ ಕೇಳಿ ಬೇಸತ್ತಿದ್ದ ಆ ಮಾತಿಗಾಗಿ ಅಂದು ಹಂಬಲಿಸಿದೆ. ಅವನು ಕೇಳಲಿಲ್ಲ. ನಾನು ನಿಜವಾಗಿ ಹೆದರಿದ್ದು ಆಗ.

ಅವಳು ಒಂದು ಒಣ ಪೊದೆಗೆ ಒರಗಿ ಕುಳಿತಿದ್ದಳು. ಮೈಯೆಲ್ಲ ಬೆವರು, ಮೈಯೆಲ್ಲ ನಡುಕ. ತೆರೆದ ಮುಖದಲ್ಲಿ ಕಣ್ಣುಗಳು ನಮ್ಮನ್ನು ದಾಟಿ ಏನನ್ನೋ ನೋಡುತ್ತಿದ್ದವು. ನನ್ನ ಗುರುತು ಹತ್ತಲಿಲ್ಲ. ಕಂದು ಕೋಟಿನ ತಮ್ಮನನ್ನು ಕಂಡು ಮಾತ್ರ ಅವಳ ತುಟಿ ಅಲುಗಿತು.

"ಅಪ್ಪಾ," ಎಂದಳು, ಎಳೆಯ ದನಿಯಲ್ಲಿ. "ಒಂಟೆ ಸಿಕ್ತಾ?"

ಖಲ್ಫಾನ್ ಮಂಡಿಯೂರಿದ. ಎದೆಯ ಜೇಬಿನಿಂದ ಖರ್ಜೂರ ತೆಗೆದು, ಬೀಜ ಬಿಡಿಸಿ, ಅರೆದು ಅವಳ ಬಾಯಲ್ಲಿಟ್ಟ. ಕೋಟನ್ನು ಕಳಚಿ ಅವಳಿಗೆ ಹೊದಿಸಿ, ಅದರ ಅಂಚಿನಿಂದ ತೆರೆದ ಮುಖವನ್ನು ಮರೆಮಾಡಿದ. ಕೋಟಿಲ್ಲದ ಖಲ್ಫಾನನನ್ನು ನಾನು ಕಂಡದ್ದು ಅದೇ ಮೊದಲು. ಎಷ್ಟು ಸಣ್ಣ ಮನುಷ್ಯ.

"ಸಿಕ್ತು ಮಗಳೇ," ಎಂದ. "ಬಾ, ಮನೆಗೆ ಹೋಗೋಣ."

ಅವಳನ್ನು ಖಲ್ಫಾನ್ ಬೆನ್ನ ಮೇಲೆ ಹೊತ್ತ. ನಮ್ಮದೇ ಹೆಜ್ಜೆಗಳನ್ನು ಹಿಡಿದು ದಿಬ್ಬ ಹತ್ತಿದಾಗ ಗಂಟೆಯ ಸದ್ದು ಮತ್ತೆ ಕೇಳಿಸಿತು. ಅಬೀರಳ ಅಂಗೈಗಳಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು, ಅವಳು ನಿಲ್ಲಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಝುವೈನಾ ಚೇತರಿಸಿಕೊಂಡು, "ನಿನ್ನ ಚಪ್ಪಲಿ ಕತ್ತೆಯ ಗೊರಸಿಗೆ ಹೇಳಿ ಮಾಡಿಸಿದ್ದು ಕಣೋ," ಎಂದು ತಮ್ಮನನ್ನೇ ಬೈದಳು. ದಿಬ್ಬದಾಚೆ ಏನು ಕೇಳಿದ್ದಳೆಂಬುದು ಅವಳಿಗೆ ನೆನಪಿರಲಿಲ್ಲ. ನಾವಿಬ್ಬರೂ ಈವರೆಗೆ ಅವಳಿಗೆ ಹೇಳಿಲ್ಲ.

ಶಿಬಿರ ಇಂದಿಗೂ ನಡೆಯುತ್ತಿದೆ. ಅತಿಥಿಗಳು ಪನ್ನೀರಿನ ಕಾಲಿನಲ್ಲಿ ಅಂಗಳ ದಾಟುತ್ತಾರೆ, ಗಂಟೆಯ ಹಗ್ಗದ ಚಿತ್ರ ತೆಗೆದುಕೊಳ್ಳುತ್ತಾರೆ, ಚೆನ್ನಾಗಿ ನಿದ್ದೆ ಬಂತೆಂದು ಹೊಗಳಿ ಹೋಗುತ್ತಾರೆ. ಒಂದೇ ಒಂದು ಬದಲಾವಣೆಯಿದೆ. ಎಲ್ಲರಿಗಿಂತ ಮೊದಲು ಖಲ್ಫಾನ್ ತಾನೇ ಆ ಮರಳಿನ ಮೇಲೆ ನಡೆದು, ತಿರುಗಿ ಬಂದು, ಕುಕ್ಕರಗಾಲಲ್ಲಿ ಕುಳಿತು ತನ್ನ ಹೆಜ್ಜೆಯನ್ನು ಅಪರಿಚಿತನ ಹೆಜ್ಜೆಯೆಂಬಂತೆ ನೋಡುತ್ತಾನೆ. ಚಪ್ಪಲಿಗಳನ್ನು ಬಾಗಿಲಲ್ಲಿ ಬಿಡುವುದಿಲ್ಲ, ಕೋಟಿನ ಹೊಸದೊಂದು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಸಂತೆಯ ಕಾಫಿಗೆ ಹೊಸ ವಿನೋದ ಸಿಕ್ಕಿದೆ.

ಭಯಸ್ಥರಲ್ಲಿ ಎರಡು ಬಗೆ. ತಮಗಾಗಿ ಹೆದರುವವರು ಮನೆಯಲ್ಲಿ ಕುಳಿತು ಸುಖವಾಗಿರುತ್ತಾರೆ. ಇತರರಿಗಾಗಿ ಹೆದರುವವರಿಗೆ ಆ ಸುಖವಿಲ್ಲ. ಯಾವ ಕಡೆಗೆ ನೋಡಲೂ ಅಂಜುತ್ತಾರೋ ಆ ಕಡೆಗೇ ಒಂದು ದಿನ ಅವರು ಬರಿಗಾಲಲ್ಲಿ ನಡೆಯಬೇಕಾಗುತ್ತದೆ. ಅಂಥವರನ್ನು ಹೇಡಿಗಳೆಂದು ನಾವು ನಗುತ್ತೇವೆ. ಅಂದು ಸಂಜೆ ಝುವೈನಾ ಅವನ ಕೋಟನ್ನು ಹೊದ್ದುಕೊಂಡೇ ಅವನನ್ನು ನೋಡಿ ನಕ್ಕಳು, ಮತ್ತು ಆ ನಗು ನನಗೆ ಇನ್ನೊಮ್ಮೆ ಕೇಳಲು ಸಿಕ್ಕಿದ್ದು ಅವನ ಭಯದಿಂದ.