ಸ್ವಂತ ನೆಲದ ಪಿಸ್ತೂಲು

"ಏಪ್ರನ್ ಎತ್ತೇ, ಬೋಸುಡಿ. ಜೇಬಲ್ಲಿ ಏನ್ ಮಡಗಿದ್ದೀ?"

ಡೆಪ್ಯುಟಿ ರಾಲ್ಸ್ ಹೀಗೆ ಅರಚುವಾಗ ಲುವೀನಿಯ ಮಿಮ್ಸ್ ತನ್ನ ಹಿತ್ತಲಲ್ಲಿ ಬಟ್ಟೆ ಕುದಿಸುತ್ತಿದ್ದಳು. ಅರವತ್ತು ದಾಟಿದ ಕರಿಯರ ಹೆಂಗಸು. ಬಟ್ಟೆ ತಿರುವುವ ಕೋಲನ್ನು ಕೊಪ್ಪರಿಗೆಯ ಅಂಚಿಗೆ ಒರಗಿಸಿ, ಜೇಬಿನಿಂದ ಪಿಸ್ತೂಲು ತೆಗೆದು ತೋರಿಸಿದಳು. ಮುಚ್ಚಿಡುವಂಥದ್ದೇನೂ ಅವಳಲ್ಲಿರಲಿಲ್ಲ.

"ಸತ್ತೋದ್ ನನ್ ಗಂಡುಂದು ಸಾಮಿ. ನನ್ ಜಮೀನೊಳ್ಗೇ ಇಟ್ಕಂಡಿವ್ನಿ."

"ಲೈಸೆನ್ಸು?"

"ಸ್ವಂತ ನೆಲದ್ ಮ್ಯಾಲೆ ಲೈಸೆನ್ಸ್ ಬ್ಯಾಡ ಅಂತ ಕೋರ್ಟಿನ್ ಗುಮಾಸ್ತ್ರೇ ಪುಸ್ತ್ಕ ನೋಡಿ ಯೋಳವ್ರೆ. ಕೇಳ್ಕಂಡೇ ಮಡಿಕ್ಕಂಡೆ."

ಅವಳು ಹೇಳಿದ್ದು ದಿಟ. ಅಲಬಾಮದ ಕಾನೂನು ಹಾಗೇ ಇತ್ತು. ಸುತ್ತ ನಾಲ್ಕು ದಿಕ್ಕಿನ ಕಾಡನ್ನೂ ಮರದ ಮಿಲ್ಲಿನ ಕೇಡ್ ಸಾಹೇಬ ಕೊಂಡಿದ್ದ. ನಡುವೆ ಉಳಿದದ್ದು ಲುವೀನಿಯಳ ನಲವತ್ತು ಎಕರೆ ಪೈನ್ ಮರಗಳು. ಅವಳು ಮಾರಲ್ಲ ಅಂದ ಮೇಲೆ ಅವನ ಆಳುಗಳು ಬೇಲಿ ಕಿತ್ತರು, ಮೇಯುತ್ತಿದ್ದ ಎರಡು ಹಸುಗಳಿಗೆ ಗುಂಡು ಹಾಕಿದರು, ಅಡುಗೆಮನೆಯ ಕಿಟಕಿಗೂ ಒಂದು ಹಾರಿಸಿದರು. ದೂರು ಕೊಡಲು ಹೋದರೆ, ಹಸುಗಳೇ ಬೇಜಾರಾಗಿ ಗುಂಡು ಹೊಡ್ಕೊಂಡಿರಬೇಕು ಎಂದು ಠಾಣೆಯವರು ನಕ್ಕು ಕಳಿಸಿದರು. ಆಗ ಅವಳು ಕಾನೂನು ಕೇಳಿ ತಿಳಿದು ಪಿಸ್ತೂಲನ್ನು ಜೇಬಿಗೆ ಹಾಕಿಕೊಂಡಳು. ಅಂಗಡಿಗೋ ಚರ್ಚಿಗೋ ಹೋಗುವ ದಿನ ಅದನ್ನು ಜಗಲಿಯ ಮೊಳೆಗೆ ತೂಗುಹಾಕಿ, ಬರಿಗೈಲಿ ರಸ್ತೆಗೆ ಇಳಿಯುತ್ತಿದ್ದಳು. ಅಷ್ಟು ಹುಷಾರು.

ರಾಲ್ಸ್ ಪಿಸ್ತೂಲು ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿದ.

"ನಿನ್ ನೆಲ ಅನ್ನಾಕೆ ಪತ್ರ ಎಲ್ಲೈತೆ, ತತ್ತಾ."

ಅವಳು ಒಳಗೆ ಹೋಗಿ ಪೆಟ್ಟಿಗೆಯಿಂದ ಪತ್ರ ತಂದಳು. ಅಷ್ಟರಲ್ಲಿ ರಾಲ್ಸ್‌ನ ಜೊತೆ ಬಂದಿದ್ದ ಕೇಡ್ ಕಾರಿನಿಂದಿಳಿದು, ಬೇಯಿಸಿದ ಕಡಲೆಕಾಯಿ ತಿನ್ನುತ್ತಾ ಸಿಪ್ಪೆಯನ್ನು ಅವಳ ಅಂಗಳಕ್ಕೆ ಉಗಿಯುತ್ತಿದ್ದ.

"ಈಶ್ಮಾಯೇಲ್ ಮಿಮ್ಸ್," ರಾಲ್ಸ್ ಓದಿದ. "ನೆಲ ಇವನ ಹೆಸರಲ್ಲೈತೆ. ಹಂಗಾರೆ ಪಿಸ್ತೂಲ್ ಇಟ್ಕಳಾಕೆ ಇವನಿಗೆ ಹಕ್ಕೈತೆ. ಎಲ್ಲವ್ನೆ, ಕೂಗು."

"ನಮ್ ತಾತ. ಸತ್ತು ನಲ್ವತ್ ವರ್ಸ ಆಯ್ತು."

"ಎಲ್ಲಿ ಊತವ್ರೆ?"

ಲುವೀನಿಯ ಹೊಲದಾಚೆಯ ಮಣ್ಣಿನ ದಿಬ್ಬ ತೋರಿಸಿದಳು. ರಾಲ್ಸ್ ಬಾಯಿಗೆ ಕೈ ಅಡ್ಡ ಹಿಡಿದು ಆ ಕಡೆಗೆ ಕೂಗಿದ. "ಲೇ ಈಶ್ಮಾಯೇಲಾ, ಎದ್ ಬಾರ್ಲಾ. ನಿನ್ ಪಿಸ್ತೂಲ್ ತಗೊಂಡೋಗು."

ಕೇಡ್‌ಗೆ ನಗು ತಡೆಯಲಾಗದೆ ಕಡಲೆಕಾಯಿ ನೆತ್ತಿಗೇರಿತು. ಲುವೀನಿಯ ತಾತನ ದಿಬ್ಬದ ಕಡೆ ತಿರುಗಿ ನಿಂತಳು. ಆ ಮುದುಕ ವಾರವೆಲ್ಲ ಬಿಳಿಯರ ಹತ್ತಿ ಬಿಡಿಸಿ, ಭಾನುವಾರಗಳಲ್ಲಿ ಈ ನೆಲದ ಬೇರು ಕಿತ್ತು ಹಸನು ಮಾಡಿದ್ದ.

ತಾತ ಉಯಿಲು ಬರೆಸಿರಲಿಲ್ಲ. ಆ ಸೀಮೆಯ ಕರಿಯರು ಯಾರೂ ಬರೆಸುತ್ತಿರಲಿಲ್ಲ. ಕಾಗದ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದವರ ನೆಲ ಅವರು ಇಳಿದು ಬರುವಷ್ಟರಲ್ಲಿ ಬಿಳಿಯರ ಪಾಲಾಗಿದ್ದನ್ನು ಕಣ್ಣಾರೆ ಕಂಡವರು ಅವರು. ಪಾಲು ಮಾಡಬೇಡಿ, ಕೋರ್ಟಿನ ಕಡೆ ತಲೆ ಹಾಕಬೇಡಿ, ಎಲ್ಲರೂ ಒಟ್ಟಿಗೆ ಉಣ್ಣಿ ಎಂದು ಹೇಳಿ ತಾತ ಕಣ್ಣು ಮುಚ್ಚಿದ್ದ. ಆ ಹುಷಾರಿಯೇ ಈಗ ಮೊಮ್ಮಗಳ ಕುತ್ತಿಗೆಗೆ ಬಂದಿತ್ತು.

"ಡೆಟ್ರಾಯಿಟ್ ಸೇರ್ಕಂಡವ್ನಲ್ಲ ನಿನ್ ಚಿಕ್ಕಪ್ಪನ್ ಮಗ, ಅವ್ನ ಪಾಲು ನಂಗೆ ಬರ್ಕೊಟ್ಟವ್ನೆ," ಎಂದ ಕೇಡ್, ಬಾಯಿ ಒರೆಸಿಕೊಳ್ಳುತ್ತಾ. ಕೋಟು ಸರಿಸಿ ತನ್ನ ಪಿಸ್ತೂಲು ತೋರಿಸಿದ. "ಈಗ ಈ ನೆಲಕ್ಕೆ ನಾನೂ ಯಜಮಾನ. ನಾನು ಇಟ್ಕೋಬೋದು."

"ಅವ್ನ್ ಪಾಲ್ಗೆ ನೀವ್ ಯಜಮಾನ್ರಾದ್ರೆ, ನನ್ ಪಾಲ್ಗೆ ನಾನ್ ಯಜಮಾಂತಿ ಅಲ್ವಾ?"

ರಾಲ್ಸ್ ಕೆನ್ನೆಗೆ ಬಾರಿಸಿದ. ಅವಳು ಕೊಪ್ಪರಿಗೆಯ ಮೇಲೆ ಮುಗ್ಗರಿಸಿದಳು, ಬಲಗೈ ಮೊಣಕೈವರೆಗೂ ಕುದಿನೀರಲ್ಲಿ ಅದ್ದಿತು. ಒದ್ದೆ ಬಟ್ಟೆಯನ್ನೂ ಸುತ್ತಿಕೊಳ್ಳಲು ಬಿಡದೆ ಕಾರಿಗೆ ತಳ್ಳಿದರು.

ಮಧ್ಯಾಹ್ನ ಜಡ್ಜ್ ಪರ್ಡಿಯ ಮುಂದೆ ನಿಲ್ಲಿಸಿದರು. ಹೊಗೆಸೊಪ್ಪು ಜಗಿಯುತ್ತಾ ಅವನು ಅಚ್ಚು ಹಾಕಿಸಿದ ಒಂದು ಕಾಗದ ತಳ್ಳಿದ. ಕೇಡ್ ಪಕ್ಕದ ಕುರ್ಚಿಯಲ್ಲೇ ಕೂತಿದ್ದ.

"ಸಹಿ ಹಾಕು. ಹಾಕ್ಬುಟ್ಟು ಮನೆಗೋಗು. ವಯಸ್ಸಾದೋಳು, ಕೈ ಬೇರೆ ಸುಟ್ಕಂಡಿದ್ದೀ."

ಲುವೀನಿಯ ಚರ್ಚಿನ ಶಾಲೆಯಲ್ಲಿ ಆರು ವರ್ಷ ಓದಿದವಳು. ನಿಧಾನವಾಗಿ ಓದಿದಳು. ನನ್ನದಲ್ಲದ ನೆಲದಲ್ಲಿ ಲೈಸೆನ್ಸಿಲ್ಲದೆ ಪಿಸ್ತೂಲು ಇಟ್ಟುಕೊಂಡಿದ್ದೆ, ತಪ್ಪು ಒಪ್ಪಿದ್ದೇನೆ ಎಂದಿತ್ತು. ಅವಳಿಗೆ ಎಲ್ಲ ತಿಳಿಯಿತು. ಪಿಸ್ತೂಲು ಯಾರಿಗೂ ಬೇಕಿರಲಿಲ್ಲ. ಈ ಸಾಲಿನ ಕೆಳಗೆ ಅವಳ ಗುರುತು ಬಿದ್ದರೆ ನಾಳೆ ಕೇಡ್ ಅದನ್ನೇ ದೊಡ್ಡ ಕೋರ್ಟಿಗೆ ಒಯ್ದು, ನೋಡಿ, ಅವಳೇ ಒಪ್ಪಿದ್ದಾಳೆ ಎನ್ನುತ್ತಾನೆ.

"ಆಕ್ದಿದ್ರೆ?"

"ಆರ್ ತಿಂಗ್ಳು ಜೈಲು."

"ಆರ್ ತಿಂಗ್ಳೇ ಬರ್ಕಳಿ. ನೆಲ ನಂದಲ್ಲ ಅಂತ ನನ್ ಕೈಯಾರ ಬರ್ಕೊಡಾಕಿಲ್ಲ."

ಜಡ್ಜ್ ರಾಲ್ಸ್‌ನ ಮುಖ ನೋಡಿದ. ರಾಲ್ಸ್ ಅವಳ ಸುಟ್ಟ ಕೈಯನ್ನೇ ಹಿಡಿದೆಳೆದು ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿದ.

"ನಂಗೆ ಬರಿಯಾಕ್ ಬತ್ತದೆ," ಎಂದಳು ಅವಳು, ಹಲ್ಲು ಕಚ್ಚಿ.

"ಗೊತ್ತು ಕಣೇ ಪಂಡಿತೆ. ಒಲ್ಲೆ ಅಂದ್ಯಲ್ಲ, ಅದ್ಕೇಯ."

ಬೆರಳನ್ನು ಕಾಗದಕ್ಕೆ ಒತ್ತಿದಾಗ ಬೊಬ್ಬೆ ಒಡೆದು ನೀರು ಸೋರಿತು, ಚರ್ಮ ಸುಲಿಯಿತು. ಆದರೂ ಗುರುತು ಬಿತ್ತು. ಜಡ್ಜ್ ಅದರ ಮೇಲೆ ಊದಿ ಒಣಗಿಸಿ, ಕೇಡ್‌ನ ಕಡೆಗೆ ಸರಿಸಿದ.

ಮೇಜಿನ ಅರ್ಧಕ್ಕೆ ಬಂದಿದ್ದ ಕಾಗದವನ್ನು ಲುವೀನಿಯ ಎಡಗೈಯಲ್ಲಿ ಬಾಚಿ, ಮುದುರಿ ಬಾಯಿಗೆ ತುರುಕಿಕೊಂಡಳು. ರಾಲ್ಸ್ ಅವಳ ಮೇಲೆ ಬಿದ್ದ. ದವಡೆ ಹಿಡಿದು ಅಮುಕಿದ, ಬಾಯೊಳಗೆ ಬೆರಳು ಹಾಕಿದ, ಕಚ್ಚಿಸಿಕೊಂಡು ಚೀರಿದ. ಲಾಠಿಯಿಂದ ಬಾಯಿಗೇ ಹೊಡೆದಾಗ ಮುಂದಿನ ಎರಡು ಹಲ್ಲು ಹೋದವು. ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ. ಗಂಟಲು ಎರಡು ಸಲ ಏರಿಳಿಯಿತು.

ಕೇಡ್ ಎದ್ದು ನಿಂತಿದ್ದ. ಜಡ್ಜ್ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಮೇಜಿನ ಖಾನೆ ಎಳೆದು, ಅಂಥವೇ ಕಾಗದಗಳ ದಪ್ಪ ಕಟ್ಟೊಂದನ್ನು ತೆಗೆದು ಅವಳ ಮುಂದಿಟ್ಟ. "ನಂಗೇನ್ ಅವಸ್ರ ಇಲ್ಲ," ಎಂದ.

ಲುವೀನಿಯ ತುಟಿಯ ರಕ್ತವನ್ನು ತೋಳಿಗೆ ಒರೆಸಿಕೊಂಡು ಆ ಕಟ್ಟಿನ ದಪ್ಪ ನೋಡಿದಳು.

"ವಸಿ ನೀರ್ ಕೊಡಿ," ಎಂದಳು. "ಇನ್ನೂ ಬೋ ಅವೆ."