ಭಾರತದ ಏಕೈಕ ಕೇಳುಗ

ಯತೀಶನಿಗೆ ಮಳವಳ್ಳಿಯಲ್ಲಿ ಏನೇನು ಹಿಡಿಸುವುದಿಲ್ಲ ಎಂದು ಕೇಳುವ ಬದಲು ಏನು ಹಿಡಿಸುತ್ತದೆ ಎಂದು ಕೇಳಿದರೆ ಮಾತು ಬೇಗ ಮುಗಿಯುತ್ತಿತ್ತು. ಅವನು ಅಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕ. ಹುಟ್ಟಿದ್ದು ಐದು ಮೈಲಿ ಆಚೆಯ ಹಳ್ಳಿಯಲ್ಲೇ ಆದರೂ ಅದು ಯಾರಿಗೂ ಗೊತ್ತಾಗದಂತೆ ನೋಡಿಕೊಂಡಿದ್ದ. ತರಗತಿಯಲ್ಲಿ ಯಾರಾದರೂ ‘ಬುಡಿ ಸಾ’ ಎಂದರೆ ಸಾಕು, ಪಾಠ ನಿಲ್ಲಿಸಿ, ‘ಬುಡಿ ಅಲ್ಲ, ಬಿಡಿ. ಬಾಯಲ್ಲಿ ಮುದ್ದೆ ಇಟ್ಟುಕೊಂಡು ಮಾತಾಡಬೇಡ’ ಎನ್ನುತ್ತಿದ್ದ. ತಾಯಿ ದೇವಿರಮ್ಮ ಫೋನು ಮಾಡಿ ‘ಉಂಡೇನ್ಲಾ?’ ಎಂದರೆ, ಆ ಒಂದು ಮಾತಿಗೆ ಉತ್ತರ ಕೊಡಲು ಸ್ಟಾಫ್ ರೂಮಿನಿಂದ ಎದ್ದು ಹುಣಸೆಮರದವರೆಗೆ ನಡೆದುಹೋಗುತ್ತಿದ್ದ.

ಇಂಥವನಿಗೆ ಪಾಪ್ ಪಂಕಿನ ಹುಚ್ಚು. ಗಡಿಬಿಡಿ ಗಿಟಾರು, ಅಟ್ಟಿಸಿಕೊಂಡು ಬರುವ ಡ್ರಮ್ಮು, ಮೂಗಿನಲ್ಲಿ ಹಾಡುವ ಹುಡುಗರು, ಎರಡೂವರೆ ನಿಮಿಷಕ್ಕೆ ಹಾಡು ಖಲಾಸ್. ಅದರಲ್ಲೂ ಅಮೆರಿಕದ ಬ್ಯಾಂಡುಗಳನ್ನು ಕೇಳುವವರೆಂದರೆ ಅವನಿಗೆ ವಾಕರಿಕೆ. ಆ ಬ್ಯಾಂಡುಗಳ ಹೆಸರಿನ ಟೀ ಶರ್ಟು ಬೆಂಗಳೂರಿನ ಫುಟ್‌ಪಾತಿನಲ್ಲೇ ಸಿಗುತ್ತದಲ್ಲ! ಅವನಿಗೆ ಬೇಕಾಗಿದ್ದು ಸ್ಲೊವೇನಿಯ, ಬೆಲ್ಜಿಯಂ, ಪೋರ್ಚುಗಲ್ಲಿನಂಥ ಕಡೆ ಪಕ್ಕದ ಮನೆಯವರೂ ಹೆಸರು ಕೇಳಿರದ ಬ್ಯಾಂಡುಗಳು. ಹನ್ನೊಂದು ವರ್ಷ ಅಂತರ್ಜಾಲ ಕೆದಕಿ ಇನ್ನೂರ ಹನ್ನೆರಡು ಬ್ಯಾಂಡುಗಳ ಪಟ್ಟಿ ಮಾಡಿದ್ದ. ಯಾವುದಾದರೂ ಬ್ಯಾಂಡಿನ ಕೇಳುಗರು ಸಾವಿರ ದಾಟಿದರೆ ‘ಕುಲಗೆಟ್ಟರು’ ಎಂದು ಹೆಸರು ಹೊಡೆದುಹಾಕುತ್ತಿದ್ದ. ಹಾಡು ಕೆಟ್ಟಿರುತ್ತಿರಲಿಲ್ಲ. ಬೇರೆಯವರ ಕಿವಿ ತಗುಲಿ ಮೈಲಿಗೆಯಾಗಿರುತ್ತಿತ್ತು, ಅಷ್ಟೇ.

ಆ ಪಟ್ಟಿಯ ಮುಕುಟಮಣಿ ‘ಸ್ತುದೆನಾ ಪೊಲೆವ್ಕಾ’ ಎಂಬ ಚೆಕ್ ಬ್ಯಾಂಡು. ಹಾಗೆಂದರೆ ತಣ್ಣಗಾದ ಸಾರು. ನಾಲ್ಕು ಹುಡುಗರು ಇಪ್ಪತ್ತು ವರ್ಷದ ಹಿಂದೆ ಒಂದೇ ಒಂದು ಕ್ಯಾಸೆಟ್ಟು ಮಾಡಿ, ಮದುವೆ ಮಾಡಿಕೊಂಡು, ದಪ್ಪಗಾಗಿ, ಸುಮ್ಮನಾಗಿದ್ದರು. ಯತೀಶ ಅವರ ಹಾಡುಗಾರನನ್ನು ಹುಡುಕಿ ಪತ್ರ ಬರೆದ. ಅವನ ಹೆಸರು ಯಾರ್ದಾ; ಯಾರದ್ದು ಎಂದು ಯಾರೂ ಕೇಳದ ಹಾಡಿಗೆ ತಕ್ಕ ಹೆಸರೇ. ಆ ಮನುಷ್ಯ ಕುಣಿದಾಡಿಬಿಟ್ಟ. ಕ್ಯಾಸೆಟ್ಟನ್ನು ಈಗ ದೊಡ್ಡ ತಟ್ಟೆಯ ರೆಕಾರ್ಡಾಗಿ ತರುತ್ತಿದ್ದೇವೆ, ಅದರ ಹಿಂಬದಿಯಲ್ಲಿ ‘ಯತೀಶ್, ಮಳವಳ್ಳಿ, ಭಾರತದ ಏಕೈಕ ಕೇಳುಗ’ ಎಂದು ಅಚ್ಚು ಹಾಕಿಸುತ್ತೇವೆ ಎಂದು ಬರೆದ. ಯತೀಶ ಆ ಸಾಲನ್ನು ಎಷ್ಟು ಸಲ ಓದಿದನೋ! ಹೆಂಡತಿ ವೀಣಳಿಗೆ ತೋರಿಸಿದಾಗ ಅವಳು, “ಒಬ್ಬರೇ ಕೇಳೋದು ಅಂದ್ರೆ ಹಾಡು ಚೆನ್ನಾಗಿಲ್ಲ ಅಂತ ಅಲ್ವಾ?” ಎಂದಳು. ಎರಡು ದಿನ ಅವಳೊಂದಿಗೆ ಮಾತು ಬಿಟ್ಟ.

ಅಚ್ಚಿಗೆ ಹೋಗುವ ಮುಂಚೆ ಯಾರ್ದಾನ ಇನ್ನೊಂದು ಪತ್ರ ಬಂತು. ‘ಒಂದು ವಿಚಿತ್ರ ನೋಡು. ನಮ್ಮ ಹಾಡುಗಳಿರುವ ಆ್ಯಪಿನ ಲೆಕ್ಕದಂತೆ ನಿನ್ನ ಊರಿನಲ್ಲಿ ಇಬ್ಬರು ಕೇಳುಗರಿದ್ದಾರೆ. ನಮ್ಮ ಒಂದು ಹಾಡು ಅಲ್ಲಿ ಸಾವಿರದ ಇನ್ನೂರ ಒಂದು ಸಲ ಓಡಿದೆ. ನೀನು ಕೇಳಿದ್ದು ಅರವತ್ತೊಂದು ಸಲ ಎಂದಿದ್ದೆ. ಹಾಗಾದರೆ ಆ ಪುಣ್ಯಾತ್ಮ ಯಾರು? ಹುಡುಕಿಕೊಡು. ಇಬ್ಬರ ಹೆಸರನ್ನೂ ಹಾಕೋಣ, ಅವನದ್ದು ಮೇಲೆ.’

ಅವನದ್ದು ಮೇಲೆ! ಯತೀಶ ಅಂದೇ ಹುಡುಕಾಟಕ್ಕೆ ಇಳಿದ. ಯಾರಿರಬಹುದು ಎಂದು ಎಣಿಕೆ ಹಾಕಿದ. ಜರ್ಮನಿಗೆ ಹೋಗಿಬಂದ ಹಲ್ಲಿನ ಡಾಕ್ಟರನ್ನು ವಿಚಾರಿಸಿದ. ಆತ ಭಾವಗೀತೆ ಬಿಟ್ಟು ಬೇರೆ ಕೇಳುವುದಿಲ್ಲ ಎಂದ. ಬ್ಲಫಿನ ವಿದ್ಯುತ್ ಕೇಂದ್ರದಲ್ಲಿ ಗಿಟಾರು ಇಟ್ಟುಕೊಂಡ ಎಂಜಿನಿಯರ್ ಒಬ್ಬನಿದ್ದಾನೆಂದು ತಿಳಿದು ಅಲ್ಲಿಗೂ ಹೋದ. ಗಿಟಾರಿಗೆ ತಂತಿಯೇ ಇರಲಿಲ್ಲ. ಇವೆರಡು ತಲೆ ಬಿಟ್ಟರೆ ಆ ತಾಲ್ಲೂಕಿನಲ್ಲಿ ಅನುಮಾನ ಪಡಲಿಕ್ಕೂ ಯೋಗ್ಯರು ಅವನಿಗೆ ಕಾಣಲಿಲ್ಲ.

ಆ ವಾರ ಅವನ ಕಾರು ಮದ್ದೂರಿನಲ್ಲಿ ರಿಪೇರಿಗೆ ನಿಂತಿತು. ವಾಪಸ್ಸು ಬರಲು ವಿಧಿಯಿಲ್ಲದೆ ಮಳವಳ್ಳಿಯ ಪ್ರೈವೇಟ್ ಬಸ್ಸು ಹತ್ತಿದ. ಕಂಡಕ್ಟರು ಟೀ ಕುಡಿಯಲು ಹೋಗಿದ್ದ, ಜನ ಇನ್ನೂ ತುಂಬಿರಲಿಲ್ಲ. ಎಳನೀರು, ಬೆವರು, ಕರಿದ ವಡೆಯ ವಾಸನೆಗೆ ಕರವಸ್ತ್ರ ಹಿಡಿದುಕೊಂಡು ಕೂತವನು ಸರಕ್ಕನೆ ತಲೆ ಎತ್ತಿದ. ಡ್ರೈವರನ ತಲೆಯ ಮೇಲಿನ ಸ್ಪೀಕರಿನಲ್ಲಿ ಅದೇ ಗಡಿಬಿಡಿ ಗಿಟಾರು. ಯಾರ್ದಾ ಇಪ್ಪತ್ತು ವರ್ಷದ ಹಿಂದಿನ ಗಂಟಲಿನಲ್ಲಿ ಕಿರುಚುತ್ತಿದ್ದ: ಬುಡು, ಬುಡು, ಬುಡು ಸೆ ಪ್ರಾತ್!

ಡ್ರೈವರು ಚಲುವರಾಜು, ನಿಡಘಟ್ಟದ ಕಡೆಯವನು, ಐವತ್ತರ ಹತ್ತಿರದ ದಢೂತಿ ಆಳು. ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ ಕೂತಿದ್ದ. ಯತೀಶ ಎದ್ದು ಮುಂದೆ ಹೋದ.

“ಈ ಹಾಡು ನಿಮಗೆಲ್ಲಿ ಸಿಕ್ಕಿತು?”

“ಯಾವ್ದು, ಸಿವಪ್ಪನ್ ಆಡಾ ಸಾ?”

“ಯಾವ ಶಿವಪ್ಪ?”

“ಅಯ್, ಕೇಳಿ ಸಾ ವಸಿ. ಬುಡು, ಬುಡು, ಬುಡು ಸಿವಪ್ಪಾ ಅಂತಾವ್ನಲ್ಲ!” ಚಲುವರಾಜು ನಕ್ಕ. ಆಮೇಲೆ ಕೇಳದಿದ್ದರೂ ಹೇಳಿದ. “ಎರಡ್ ವರ್ಸದ್ ಇಂದೆ ನಂಗೂ ನನ್ ತಮ್ಮ ಚಿಕ್ಕಣ್ಣಂಗೂ ಒಲದ್ ಬದಿನ್ ಮ್ಯಾಲಿರೋ ತೆಂಗಿನ್ ಮರುಕ್ಕೆ ಜಗ್ಳ ಬಿತ್ತು. ಎಲ್ರೆದ್ರುಗೂ ನಮ್ಮವ್ವನ್ನ ಬೋದ್ಬುಟ್ಟ ಸಾ ಅವ್ನು. ಒಡ್ದು ಕೆಡವ್ಬುಡನ ಅಂತ ಜಾಕ್ ರಾಡ್ ತಕ್ಕಂಡು ಈ ಸೀಟ್ಮೇಲೇ ಕುಂತಿದ್ದೆ. ಬುಡು, ಬುಡು ಅಂತ ನಂಗೆ ನಾನೇ ಯೋಳ್ಕತಿದ್ದೆ. ಮೊಬೈಲ್‌ನಾಗೆ ಆ ಆಡ್ ಉಡ್ಕೋ ಮೈಕ್ ಒತ್ತಿತ್ತು ಅಂತ ಕಾಣ್ತದೆ. ತಟ್ಟಂತ ಈ ಆಡು ಬಂತು. ಸಿವಪ್ಪನೇ ಯೋಳ್ದಂಗಾಯ್ತು ಕಣ್ ಸಾ. ರಾಡ್ ಬುಟ್ಬುಟ್ಟೆ. ಅವತ್ನಿಂದ ಕ್ವಾಪ ಬಂದಾಗೆಲ್ಲ ಇದ್ನೇ ಆಕ್ಕತೀನಿ. ಈ ರೋಡ್ನಾಗೆ ಕ್ವಾಪುಕ್ಕೇನ್ ಬರವಾ?”

ಬೇರೆ ಯಾರಾದರೂ ಆಗಿದ್ದರೆ ಅವನ ಭುಜ ತಟ್ಟುತ್ತಿದ್ದರು. ಯತೀಶನಿಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ತಾನು ಕಣ್ಣು ಕೆಂಪಾಗಿಸಿಕೊಂಡು ಹುಡುಕಿದ್ದನ್ನು ಈ ಬಸ್ ಡ್ರೈವರು ಬುಡು ಎಂಬ ಹೊಲಸು ಮಾತಿನಿಂದ, ಅದೂ ಕೈತಪ್ಪಿನಿಂದ ಪಡೆದಿದ್ದಾನೆ. ಬಿಡು ಎಂದು ಸರಿಯಾಗಿ ಹೇಳಿದ್ದರೆ ಸಿಗುತ್ತಲೂ ಇರಲಿಲ್ಲ. ಇವನ ಹೆಸರು ರೆಕಾರ್ಡಿನ ಮೇಲೆ, ಅದೂ ತನ್ನ ಹೆಸರಿನ ಮೇಲೆ! ಇವನು ಈ ಹಾಡು ಕೇಳುವುದನ್ನು ನಿಲ್ಲಿಸಬೇಕು ಎನ್ನುವುದೊಂದೇ ಅವನ ತಲೆಯಲ್ಲಿ ಉಳಿಯಿತು.

“ಇದು ಕನ್ನಡ ಅಲ್ಲ,” ಎಂದ, ತರಗತಿಯ ದನಿಯಲ್ಲಿ. “ಚೆಕ್ ಭಾಷೆ. ಇದರಲ್ಲಿ ಶಿವಪ್ಪನೂ ಇಲ್ಲ, ಗಿವಪ್ಪನೂ ಇಲ್ಲ. ಬುಡು ಸೆ ಪ್ರಾತ್ ಅಂದರೆ ಹೊಡೆದಾಡ್ತೀನಿ ಅಂತ ಅರ್ಥ. ಅವನು ಪಲ್ಲವಿ ಪೂರ್ತಿ ಕೂಗ್ತಿರೋದು ಅದನ್ನೇ. ಹೊಡೆದಾಡ್ತೀನಿ, ಹೊಡೆದಾಡ್ತೀನಿ ಅಂತ.”

ಚಲುವರಾಜುವಿನ ಬೆರಳು ನಿಂತಿತು. “ಬುಡು ಅಂತ ಅಲ್ವಾ ಸಾ?”

“ಅಲ್ಲ.”

“ಬುಡಾಕಿಲ್ಲ ಅಂತಾನಾ?”

“ಬಿಡುವುದಿಲ್ಲ,” ಎಂದು ತಿದ್ದಿದ ಯತೀಶ. “ಹೌದು, ಅದನ್ನೇ ಅನ್ನೋದು.”

ಚಲುವರಾಜು ಹಾಡು ನಿಲ್ಲಿಸಿದ. “ನೀವು ಓದ್ದೋರು, ನಿಮ್ಗೆ ಗೊತ್ತಿರ್ತದೆ,” ಎಂದ. ಮಳವಳ್ಳಿಯವರೆಗೆ ಬಸ್ಸಿನಲ್ಲಿ ಹಾಡು ಇರಲಿಲ್ಲ, ಹಾರನ್ ಮಾತ್ರ ಇತ್ತು. ಯತೀಶನಿಗೆ ಸುಳ್ಳು ಹೇಳಿದ ಅಳುಕೂ ಇರಲಿಲ್ಲ, ಏಕೆಂದರೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮನೆಗೆ ಬಂದವನೇ ಯಾರ್ದಾನಿಗೆ ಬರೆದ: ‘ಪತ್ತೆಯಾಯಿತು. ಅವನು ಲೆಕ್ಕಕ್ಕಿಲ್ಲ. ಏನು ಕೇಳುತ್ತಿದ್ದೇನೆಂದೇ ಗೊತ್ತಿಲ್ಲದ ಮನುಷ್ಯ. ಈಗ ನಿಲ್ಲಿಸಿದ್ದಾನೆ.’ ಯಾರ್ದಾ ಒಂದೇ ಸಾಲು ಬರೆದ: ‘ಏನು ಹಾಡುತ್ತಿದ್ದೇವೆಂದು ನಮಗೂ ಗೊತ್ತಿರಲಿಲ್ಲ, ಪಾಪ ಅವನನ್ನೇಕೆ ತಡೆದೆ?’ ಆದರೂ ಅಂಕಿ ನೋಡಿದರೆ ಮಳವಳ್ಳಿಯಲ್ಲಿ ಒಬ್ಬನೇ ಉಳಿದಿದ್ದ. ಅಚ್ಚು ಮೊದಲಿನಂತೆಯೇ ಆಯಿತು.

ಮೂರು ತಿಂಗಳಿಗೆ ರೆಕಾರ್ಡು ಮದ್ದೂರಿನ ಕೊರಿಯರ್ ಆಫೀಸಿಗೆ ಬಂತು. ಕಾರಿತ್ತು, ಆದರೂ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದ ಯತೀಶ ರೆಕಾರ್ಡು ಬಿಡಿಸಿಕೊಂಡು ಬೇಕೆಂದೇ ಆ ಬಸ್ಸಿಗೆ ಕಾದ. ಅಚ್ಚಾದ ಹೆಸರನ್ನು ಚಲುವರಾಜುವಿನ ಮೂಗಿನ ಕೆಳಗೆ ಹಿಡಿಯಬೇಕಿತ್ತು, ಏಕೈಕ ಎಂದರೇನೆಂದು ಬಿಡಿಸಿ ಹೇಳಬೇಕಿತ್ತು. ಬಸ್ಸು ಬಂತು. ಸ್ಟೀರಿಂಗಿನ ಹಿಂದೆ ಬೇರೆ ಯಾರೋ ಕೂತಿದ್ದರು.

“ಚಲುವರಾಜು ಇಲ್ವಾ ಇವತ್ತು?” ಎಂದು ಯತೀಶ ಕಂಡಕ್ಟರ್ ಸಿದ್ದರಾಮುವನ್ನು ಕೇಳಿದ.

ಸಿದ್ದರಾಮು ಟಿಕೆಟ್ ಕೊಡುವ ಕೈ ನಿಲ್ಲಿಸಿದ. “ಜೈಲ್ನಾಗವ್ನೆ ಸಾ, ಮಂಡ್ಯದಾಗೆ. ತಮ್ಮನ್ ತಲೆಗೆ ಜಾಕ್ ರಾಡ್ನಾಗೆ ಒಡ್ದಾಕ್ಬುಟ್ಟ. ಆ ಚಿಕ್ಕಣ್ಣ ಒಂದ್ ತಿಂಗ್ಳಾತು, ಇನ್ನೂ ಕಣ್ ಬುಟ್ಟಿಲ್ಲ. ಎಂಥಾ ತಾಳ್ಮೆ ಮನ್ಸ ಸಾ ಅವ್ನು! ಎರಡ್ ವರ್ಸ ಒಬ್ರುಗೂ ಒಂದ್ ಮಾತ್ ಅಂದಿರ್ನಿಲ್ಲ. ಒಂದ್ ಆಡು ಆಕ್ಕಂಡು ಸುಮ್ಕಾಗೋನು. ಯಾರೋ ಓದ್ದೋರು ಅದುಕ್ಕೆ ಬ್ಯಾರೆ ಅರ್ತ ಯೋಳವ್ರಂತೆ. ಸಿವಪ್ಪನೇ ಬುಡಾಕಿಲ್ಲ ಅಂತಾವ್ನೆ ಕಣ್ಲಾ ಸಿದ್ದ, ನಾನ್ಯಾಕ್ ಬುಡ್ಲಿ ಅಂತಿದ್ದ.”

ಯತೀಶ ರೆಕಾರ್ಡನ್ನು ಎದೆಗವಚಿಕೊಂಡು ಕೂತ. ತಾನು ಎಂಥ ನೀಚ ಎಂಬುದು ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ಸ್ಪಷ್ಟವಾಗಿ ಕಂಡಿತು.

ಸಿದ್ದರಾಮು ಜೇಬಿನಿಂದ ಮೊಬೈಲು ತೆಗೆದು ಹುಡುಕಿ ಹಾಡು ಹಾಕಿದ. ಬುಡು, ಬುಡು ಎಂದು ಯಾರ್ದಾ ಕೂಗಿದ. “ಇದೇ ಸಾ. ನೀವು ಕಾಲೇಜ್ ಮೇಷ್ಟ್ರಲ್ವಾ, ಇದ್ರ ಅರ್ತ ನಿಜ್ವಾಗ್ಲೂ ಅಂಗೇಯಾ? ಕೇಳಿದ್ದೀರಾ ಇದ್ನ?”

ಭಾರತದ ಏಕೈಕ ಕೇಳುಗ ಕಿಟಕಿಯ ಕಡೆ ತಿರುಗಿದ.

“ನಾ ಕೇಳಿಲ್ಲ ಕಣಪ್ಪ,” ಎಂದ. “ಬುಡು.”