ಒಂದು ಬಟನ್, ಎರಡು ವಿಂಡೋ

ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳು ತೇಲುತ್ತಿದೆ, ಅದರಾಚೆ ಗೋಡೆಯ ಮೇಲೆ ರೋಗಿಯ ವಿವರದ ವಿಂಡೋ, ಕೆಳಗೆ ಬಲಮೂಲೆಯಲ್ಲಿ ‘ಉಳಿಸು’ ಎಂಬ ಬಟನ್ — ಇರು ಮಗನೇ, ಇನ್ನೊಂದು ಗಳಿಗೆ ಇರು, ಎಂದುಕೊಂಡು ಅವಳು ಕೊನೆಯ ಕುರ್ಚಿಗೆ ಒರಗಿದಳು. ಆ ಬಟನ್ ಹೋದ ಮೇಲೆ ಉಳಿಯುವ ಬೂದು ಚೌಕ, ಮಗಳ ಹಲ್ಲು ಬಿದ್ದ ಜಾಗದಂಥ ಚೌಕ, ವಾರದಿಂದ ಅದನ್ನೇ ಕಣ್ಣೊಳಗೆ ಸಾಕಿಕೊಂಡಿದ್ದಾಳೆ, ಬೆಳಿಗ್ಗೆ ಅತ್ತೆ ಕೂಡ ಕೇಳಿದರು, ಏನಮ್ಮಾ ಇವತ್ತು ಮುಖದಲ್ಲಿ ಇಷ್ಟು ಕಳೆ, ಏನಿಲ್ಲ ಅತ್ತೆ, ಆಫೀಸಲ್ಲಿ ಒಬ್ಬರ ಮೆರವಣಿಗೆ ಇದೆ — ಮುಂದೆ ನಿಂತು, ಸಾಫ್ಟ್‌ವೇರ್ ನೋಡಲು ಬಂದ ಆಸ್ಪತ್ರೆಯವರಿಗೆ ಹಲ್ಲು ಕಿರಿಯುತ್ತಿರುವವನದೇ ಆ ಮೆರವಣಿಗೆ, ತಂಡದ ಮುಖ್ಯಸ್ಥ, ಎಲ್ಲರ ಬಾಯಲ್ಲಿ ದೊರೆ, ಅವಳು ಎರಡು ವರ್ಷ ಕೂತು ಕಟ್ಟಿದ ಜಾವಾ ಕೋಡನ್ನು ಮೇಲಿನವರ ಮುಂದೆ ನಂದೇ ಅಂದವನು, ಅಂದದ್ದೂ ಸಾಲದೆ, ಏನ್ರೀ ಇದು, ಈ ಸಾಲು ಯಾಕೆ, ಬರೀ ಕಸ, ಎಂದು ಅವಳೆದುರೇ ಅಳಿಸಿದವನು. ಕಸವಂತೆ! ಕೋಡಿನೊಳಗಿನ ಕಂಟೇನರ್ ಎಂದರೆ ಉಗ್ರಾಣಿ ಇದ್ದ ಹಾಗೆ, ಪ್ರತಿಯೊಂದು ಭಾಗವನ್ನೂ ತಾನೇ ತಯಾರಿಸಿ ಕೇಳಿದವರಿಗೆ ಕೊಡುತ್ತದೆ, ಆದರೆ ಪ್ರತಿ ಸಲ ಹೊಸದು ಕೊಡು ಎನ್ನುವ, ಅವನು ಅಳಿಸಿದ ಆ ಒಂದು ಸಾಲು ಇಲ್ಲದಿದ್ದರೆ ಒಂದನ್ನೇ ಮಾಡಿಟ್ಟು ಎಲ್ಲರಿಗೂ ಅದನ್ನೇ ಹಂಚುತ್ತದೆ, ಬಟನ್ ಪಾಪ ಎರಡು ಮನೆಯಲ್ಲಿ ಬಾಳಲಾರದು, ಎರಡನೆಯ ವಿಂಡೋ ತೆರೆದ ತಕ್ಷಣ ಮೊದಲನೆಯದನ್ನು ಬಿಟ್ಟು ಅಲ್ಲಿಗೆ ಓಡುತ್ತದೆ — ಒಂದೊಂದೇ ವಿಂಡೋ ತೆರೆದು ಮುಚ್ಚಿ ಪರೀಕ್ಷಿಸಿದ ದೊರೆಗೆ ಇದು ಗೊತ್ತೇ ಆಗಲಿಲ್ಲ, ಅವಳಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ, ಮಾಡಿದ್ದುಣ್ಣೋ ಮಹಾರಾಯ.

ಈಗ ಅವನ ಕೈ ಮೌಸಿನ ಮೇಲೆ, ಮುಖ್ಯ ನರ್ಸ್ ಕೇಳುತ್ತಿದ್ದಾರೆ, ಒಟ್ಟಿಗೆ ಇಬ್ಬರು ರೋಗಿಗಳದ್ದು ತೆಗೆಯೋಕಾಗುತ್ತಾ, ಯಾಕಾಗಲ್ಲ ಮೇಡಂ, ಹತ್ತು ಜನರದ್ದು ತೆಗೀಬಹುದು, ತೆಗಿ ತೆಗಿ, ಹಾಲು ಕುಡಿದಷ್ಟು ಸಂತೋಷ ಅವಳಿಗೆ — ಆದರೆ ದೊರೆ ತಿರುಗಿದ, ಕೊನೆಯ ಕುರ್ಚಿಯತ್ತ ಕೈ ತೋರಿದ, ಅಂದ ಹಾಗೆ ಈ ಕೆಲಸ ಪೂರ್ತಿ ಅಲ್ಲಿ ಕೂತಿದ್ದಾರಲ್ಲ, ಅವರದ್ದು, ನಾನು ಬರೀ ತೋರಿಸ್ತಿದ್ದೀನಿ ಅಷ್ಟೆ, ಇಡೀ ಕೋಣೆ ತಿರುಗಿ ನೋಡಿತು, ಯಾರೋ ಚಪ್ಪಾಳೆ ತಟ್ಟಿದರು, ಎರಡು ವರ್ಷ ಕಾದ ಮಾತು, ಹಾಳಾದವನು ಇವತ್ತೇ ಹೇಳಬೇಕಿತ್ತೇ, ಅಯ್ಯೋ ತಡಿ, ಒತ್ತಬೇಡ — ಕುರ್ಚಿಯಿಂದ ಅರ್ಧ ಎದ್ದಳು, ಎಲ್ಲರ ಕಣ್ಣು ಅವಳ ಮೇಲಿಂದ ಮತ್ತೆ ಗೋಡೆಗೆ, ಟಕ್, ಎರಡನೆಯ ವಿಂಡೋ, ಮುಖ್ಯ ನರ್ಸ್ ದನಿ, ಅಲ್ರೀ, ಇಲ್ಲಿದ್ದ ಬಟನ್ ಎಲ್ಲಿ ಹೋಯ್ತು, ಇದನ್ನ ಮಾಡಿದ್ದು ಯಾರು ಅಂದ್ರಿ, ಮೊದಲನೆಯದರ ಬಲಮೂಲೆಯಲ್ಲಿ ಬೂದು ಚೌಕ, ಬೂದು ಚೌಕ, ಖಾಲಿ ಬೂದು ಚೌಕ